ತೂಬಿಗೆ ಅಡ್ಡ ಕೂತ ಗೆಂಡೆಮೀನು

ವಿದ್ಯುತ್ ತಂತಿ ತಲುಪದ ಮರಳುಗಾಡಿನ ಒಂಟಿ ಮನೆಯೊಂದರಲ್ಲಿ ಮೀನಿನ ತೊಟ್ಟಿಯಿತ್ತು. ಮನೆಯೊಡತಿ ದಿನವೂ ತೂಬು ತೆಗೆದು ತಳದ ನೀರನ್ನು ಸೋರೆಬಳ್ಳಿಯ ಬುಡಕ್ಕೆ ಹರಿಸುತ್ತಿದ್ದಳು. ತೊಟ್ಟಿಯಲ್ಲಿ ಇಳಿದಷ್ಟು ಹೊಸ ನೀರು ತುಂಬುತ್ತಿದ್ದಳು. ಸೋರೆಯ ಸಿಪ್ಪೆ ಎರೆಹುಳುಗಳಿಗೆ, ಎರೆಹುಳುಗಳು ಮೀನಿಗೆ.

ಹಿರಿಯ ಗೆಂಡೆಮೀನಿಗೆ ಇದು ಸರಿಬರಲಿಲ್ಲ. “ಮರಳುಗಾಡಿನಲ್ಲಿ ನೀರನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?” ಎಂದು ತೂಬಿನ ಬಾಯಿಗೆ ಹೊಟ್ಟೆ ಒತ್ತಿ ಕೂತಿತು. ಕಸ ಕಟ್ಟಿದೆಯೆಂದು ಒಡತಿ ಕಡ್ಡಿಯಿಂದ ತಿವಿದಳು. ಮೀನು ಕದಲಲಿಲ್ಲ.

“ಮಾವಯ್ಯಾ, ನನ್ನ ಬುಡ ಒಣಗುತ್ತಿದೆ,” ಎಂದಿತು ಬಳ್ಳಿ.

“ಬಾವಿ ತೋಡಿಕೋ,” ಎಂದಿತು ಮೀನು.

ತೊಟ್ಟಿ ತುಂಬಿಯೇ ಇದ್ದುದರಿಂದ ಹೊಸ ನೀರು ಬೀಳಲಿಲ್ಲ. ಕೆಲವೇ ದಿನಗಳಲ್ಲಿ ಇದ್ದ ನೀರು ಕೆಟ್ಟು ನಾರಿತು. ಮರಿಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಗೆಂಡೆಮೀನಿಗೂ ಉಸಿರು ಕಟ್ಟಿತು.

“ಇಷ್ಟು ನೀರಿದ್ದೂ ಸಾಯುತ್ತಿದ್ದೇವಲ್ಲ!” ಎಂದು ಅದು ಗೋಳಾಡಿತು.

“ನೀರಿನ ಜೊತೆ ನಿಮ್ಮ ಹೊಲಸನ್ನೂ ಕೂಡಿಟ್ಟಿರಿ, ಮಾವಯ್ಯಾ,” ಎಂದಿತು ಬಾಡಿದ ಬಳ್ಳಿ. “ಅದು ನನ್ನ ಊಟ. ಇತ್ತ ಬಿಡಿ.”

ಮೀನು ಸರಿಯಿತು. ಕೊಳೆನೀರು ಬಳ್ಳಿಯ ಬುಡಕ್ಕೆ ನುಗ್ಗಿತು. ಒಡತಿ ಹೊಸ ನೀರು ಬಿಟ್ಟಳು. ಮರಿಗಳು ಮತ್ತೆ ತಳಕ್ಕಿಳಿದು ಆಡತೊಡಗಿದವು.

ಈಗ ತೂಬು ತೆರೆದಾಗಲೆಲ್ಲ ಗೆಂಡೆಮೀನು ಮೀಸೆ ಕುಣಿಸಿ, “ಕುಡಿಯಮ್ಮಾ, ಧಾರಾಳವಾಗಿ ಕುಡಿ. ಕೊಟ್ಟು ಬದುಕುವುದು ನಮ್ಮ ಮನೆತನದ ವಾಡಿಕೆ,” ಎನ್ನುತ್ತದೆ.

“ನಿಮ್ಮ ಕೈ ದೊಡ್ಡದು, ಮಾವಯ್ಯಾ,” ಎಂದು ಬಳ್ಳಿ ನೆಮ್ಮದಿಯಾಗಿ ಕುಡಿಯುತ್ತದೆ.