ಜರಡಿ ಬಿಟ್ಟ ಬಾಗಿಲು

ಪದ್ಮಾಕ್ಷಿಯ ಕಂಪ್ಯೂಟರಿನಲ್ಲಿ ಮೂರು ಪುಟ್ಟ ಪ್ರಾಕ್ಸಿ ಸ್ಕ್ರಿಪ್ಟುಗಳಿದ್ದವು, ಅಂದರೆ ಅವಳಿಗೂ ಅಂತರ್ಜಾಲಕ್ಕೂ ನಡುವೆ ನಿಂತ ಕಿರು ಪ್ರೋಗ್ರಾಮುಗಳು. ಅವಳ ಪರವಾಗಿ ಒಂದು ಅಂತರ್ಜಾಲದ ಪುಟಗಳನ್ನು ತರುತ್ತಿತ್ತು, ಇನ್ನೊಂದು ಕಾಪಿಡುತ್ತಿತ್ತು. ಜರಡಿ ಎಂಬ ಮೂರನೆಯದು ಆ ಪುಟಗಳಲ್ಲಿನ ಜಾಹೀರಾತು ಕೀಳುತ್ತಿತ್ತು. ಪುಟ ಬೇಕೆಂಬ ಕೋರಿಕೆಗಳು ಬರಲು ಮೂರಕ್ಕೂ ಬೇರೆ ಬೇರೆ ಬಾಗಿಲು; ಅದನ್ನು ಕಾಯುವುದೂ ಅವುಗಳದೇ ಕೆಲಸ. ಜರಡಿಗಂತೂ ಸದಾ ಚಡಪಡಿಕೆ. ಅರ್ಧ ಪುಟ ಸೋಸುವಷ್ಟರಲ್ಲಿ ಯಾರೋ ಬಂದರೆಂದು ಬಾಗಿಲಿಗೆ ಓಡುತ್ತಿತ್ತು.

ಪದ್ಮಾಕ್ಷಿ ಮೂರನ್ನೂ ಸೇರಿಸಲು ಒಂದು ದೊಡ್ಡ ಪ್ರೋಗ್ರಾಮು ಬರೆದಳು. ಅದು ಹೇಳಿತು: "ಬಾಗಿಲು ಕಾಯುವುದು ಇನ್ನು ನನಗಿರಲಿ. ನಿಮ್ಮ ನಿಮ್ಮ ಕೆಲಸ ಎತ್ತಿಕೊಂಡು ಒಳಗೆ ಬನ್ನಿ. ಹೊರಗುಳಿದದ್ದನ್ನು ಒಡತಿ ಅಳಿಸುತ್ತಾಳೆ."

ಉಳಿದೆರಡೂ ಒಳಹೊಕ್ಕವು. ಜರಡಿ ಹೊಸ್ತಿಲಲ್ಲೇ ಒದ್ದಾಡಿತು. "ನಾನು ಇನ್ನೂರು ಸಾಲಿನ ಸ್ಕ್ರಿಪ್ಟು! ನಿನ್ನೊಳಗೆ ಬಂದರೆ ನನ್ನದೆನ್ನುವುದು ಏನು ಉಳಿಯುತ್ತದೆ?"

"ನೀನೇ ಎಣಿಸಿ ನೋಡು," ಎಂದಿತು ಪ್ರೋಗ್ರಾಮು.

ಜರಡಿ ಬಾಗಿಲು ಕಾಯುವ ಸಾಲುಗಳನ್ನು ಒಂದೊಂದಾಗಿ ಬದಿಗಿಟ್ಟಿತು. ಕೊನೆಗೆ ಉಳಿದದ್ದು ಹನ್ನೊಂದು. ಜಾಹೀರಾತು ಕೀಳುವ ಸಾಲುಗಳು ಇದ್ದದ್ದೇ ಅಷ್ಟು.

ನಾಚಿಕೊಂಡು, ಆ ಹನ್ನೊಂದನ್ನೇ ಹಿಡಿದು ಒಳಗೆ ಹೋಯಿತು. ಮೊದಲ ಪುಟ ಬಂತು. ಅಭ್ಯಾಸಬಲದಿಂದ ಅರ್ಧಕ್ಕೇ ಎದ್ದ ಜರಡಿಗೆ ಓಡಿಹೋಗಲು ಬಾಗಿಲೇ ಇರಲಿಲ್ಲ. ವಿಧಿಯಿಲ್ಲದೆ ಕೂತು, ಹುಟ್ಟಿದಂದಿನಿಂದ ಮೊದಲ ಸಲ ಒಂದು ಪುಟವನ್ನು ಕೊನೆಯವರೆಗೂ ಸೋಸಿತು.