ಭೋಪಾಲ ನುಂಗಿದ ಚುಕ್ಕವ್ವ

ಬಾಯಿ ಮುಚ್ಚಿ, ಕಿವಿ ತೆರೀರಿ. ಕತಿ ಬಂತು!

ಶಾಲೆಯ ಅಂಗಳದಲ್ಲಿ ಮಕ್ಕಳು ರಂಗೋಲಿಯಲ್ಲಿ ಭಾರತ ಬರೆದರು. ಒಂದೊಂದು ರಾಜಧಾನಿಗೆ ಒಂದೊಂದು ಅವರೆಕಾಳು ಇಟ್ಟರು. ಕರ್ನಾಟಕಕ್ಕೆ ಬೆಂಗಳೂರು. ಮಹಾರಾಷ್ಟ್ರಕ್ಕೆ ಮುಂಬೈ. ಮಧ್ಯಪ್ರದೇಶಕ್ಕೆ ಭೋಪಾಲ.

ಚುಕ್ಕವ್ವ ಕೋಳಿ ಬಂದಳು. ಕಾಳು ಕಂಡಳು. ಗುಳುಂ! ಭೋಪಾಲ ಹೋಯಿತು.

ಕಾಳು ಕಾಯಲು ಕೂತ ಹುಡುಗಿ ನೀಲವ್ವ. ಆಗ ಅವಳು ಬೇರೆ ಕಡೆ ನೋಡುತ್ತಿದ್ದಳು.

"ನೀನೇ ತಿಂದಿ!" ಅಂದರು ಪಾಠ ಹೇಳುವ ಅಕ್ಕೋರು. "ಕಾಳು ಬರೂತನಕ ಇಲ್ಲೇ ನಿಂದ್ರು."

ನೀಲವ್ವ ಅಳುತ್ತ ನಿಂತಳು. ಎಲ್ಲರೂ ನಕ್ಕರು. ಬಾಗಿಲ ಹಿಂದಿದ್ದ ಚುಕ್ಕವ್ವನಿಗೆ ನಾಚಿಕೆ ಆಯಿತು. ತಲೆ ತಗ್ಗಿಸಿ ಅವರೆಬಳ್ಳಿಯ ಹತ್ತಿರ ಓಡಿದಳು.

"ಬಳ್ಳಿ, ಬಳ್ಳಿ, ಒಂದು ಕಾಳು ಕೊಡು."

"ಯಾಕ?"

ಹೇಳಲು ನಾಚಿಕೆ. "ಸುಮ್ನ."

"ಸುಮ್ನ ಕೊಡಂಗಿಲ್ಲ. ನೀರಡಿಕಿ ಆಗೇತಿ, ನೀರು ತಾ."

ಬಿಂದಿಗೆಯ ಹತ್ತಿರ ಓಡಿದಳು.

"ಬಿಂದಿಗಿ, ಬಿಂದಿಗಿ, ನೀರು ಕೊಡು. ನೀ ಕೊಟ್ರ ಬಳ್ಳಿ ಕುಡಿತೈತಿ, ಬಳ್ಳಿ ಕುಡಿದ್ರ ಕಾಳು ಕೊಡತೈತಿ."

"ಯಾಕ?"

"ಸುಮ್ನ."

"ಸುಮ್ನ ಕೊಡಂಗಿಲ್ಲ. ನಾ ಖಾಲಿ. ಹಗ್ಗ ನನ್ನ ಬಾವಿಗೆ ಇಳಿಸ್ಲಿ."

ಹಗ್ಗದ ಹತ್ತಿರ ಓಡಿದಳು.

"ಹಗ್ಗ, ಹಗ್ಗ, ಬಾವಿಗೆ ಇಳಿ. ನೀ ಇಳಿದ್ರ ಬಿಂದಿಗಿ ತುಂಬತೈತಿ, ಬಿಂದಿಗಿ ತುಂಬಿದ್ರ ಬಳ್ಳಿ ಕುಡಿತೈತಿ, ಬಳ್ಳಿ ಕುಡಿದ್ರ ಕಾಳು ಕೊಡತೈತಿ."

"ಯಾಕ?"

"ಸುಮ್ನ."

"ಸುಮ್ನ ಇಳಿಯಂಗಿಲ್ಲ. ನಾ ಹರದು ಹೋಗೇನಿ. ಅಜ್ಜ ಹೊಸೀಲಿ."

ಹಗ್ಗ ಹೊಸೆಯುವ ಮಾನಪ್ಪಜ್ಜನ ಹತ್ತಿರ ಓಡಿದಳು.

"ಅಜ್ಜ, ಅಜ್ಜ, ಹಗ್ಗ ಹೊಸಿ. ನೀ ಹೊಸೆದ್ರ ಹಗ್ಗ ಇಳಿತೈತಿ, ಹಗ್ಗ ಇಳಿದ್ರ ಬಿಂದಿಗಿ ತುಂಬತೈತಿ, ಬಿಂದಿಗಿ ತುಂಬಿದ್ರ ಬಳ್ಳಿ ಕುಡಿತೈತಿ, ಬಳ್ಳಿ ಕುಡಿದ್ರ ಕಾಳು ಕೊಡತೈತಿ."

"ಯಾಕ?"

"ಸುಮ್ನ."

"ಸುಮ್ನ ಯಾರೂ ಇಷ್ಟು ಓಡಂಗಿಲ್ಲ. ಏನ್ ಮಾಡಿ ಬಂದಿ, ಹೇಳು."

ಚುಕ್ಕವ್ವ ಕಾಲುಗುರಿನಿಂದ ಮಣ್ಣು ಕೆದರಿದಳು. ಶಾಲೆಯಿಂದ ಮಕ್ಕಳ ಪಾಠ ಕೇಳಿತು. ಕರ್ನಾಟಕಕ್ಕೆ ಬೆಂಗಳೂರು. ಮಹಾರಾಷ್ಟ್ರಕ್ಕೆ ಮುಂಬೈ. ಮಧ್ಯಪ್ರದೇಶಕ್ಕೆ...

ಅಲ್ಲಿ ನೀಲವ್ವ ಬಿಕ್ಕಿದಳು.

"ಅಜ್ಜಾ, ಭೋಪಾಲ ತಿಂದಾಕಿ ನಾನು! ಬೈಸಿಕೊಂಡಾಕಿ ನೀಲವ್ವ!"

"ಹಂಗನ್ನು ಮತ್ತ!" ಅಂದ ಅಜ್ಜ.

ಅಜ್ಜ ಹೊಸೆದ. ಹಗ್ಗ ಇಳಿಯಿತು. ಬಿಂದಿಗೆ ತುಂಬಿತು. ಬಳ್ಳಿ ಕುಡಿಯಿತು. ಕಾಳು ಕೊಟ್ಟಿತು.

ಕಾಳು ಕೊಕ್ಕಿನಲ್ಲೇ ಇತ್ತು. ಚುಕ್ಕವ್ವನಿಗೆ ಹಸಿವೂ ಇತ್ತು. ನುಂಗಲಿಲ್ಲ.

ಬಾಗಿಲ ಹಿಂದೆ ಅಡಗಲಿಲ್ಲ. ಎಲ್ಲರ ಮುಂದೆ ನಡೆದಳು. ಮಧ್ಯಪ್ರದೇಶದಲ್ಲಿ ಕಾಳು ಇಟ್ಟಳು.

ಅಕ್ಕೋರು ಕೋಳಿ ನೋಡಿದರು. ಕಾಳು ನೋಡಿದರು. ಅವರಿಗೂ ನಾಚಿಕೆ ಆಯಿತು.

"ನೀಲವ್ವಾ, ನಿನ್ನ ಸುಮ್ಮ ಸುಮ್ಮನ ಬೈದೆ. ತಪ್ಪಾತವ್ವ."

ಎಲ್ಲರೂ ನಕ್ಕರು, ಈ ಸಲ ಕೋಳಿಯನ್ನು ನೋಡಿ. ಚುಕ್ಕವ್ವನಿಗೆ ನಾಚಿಕೆ ಆಯಿತು. ಬಹಳ ಆಯಿತು. ಆದರೂ ಓಡಲಿಲ್ಲ. ನೀಲವ್ವನ ಪಕ್ಕದಲ್ಲೇ ನಿಂತಳು.

ನೀಲವ್ವ ಕಣ್ಣೊರೆಸಿಕೊಂಡಳು. ಬಗ್ಗಿ, ಅವಳನ್ನು ಎತ್ತಿಕೊಂಡಳು.