ಬಳೆಗಾರನ ತುತ್ತು

“ಗುರುಗಳೇ, ಇನ್ನೇನೂ ಮಾಡಲಾಗದು ಎಂದು ವೈದ್ಯರು ಕೈಚೆಲ್ಲಿದ ಮೇಲೆ ರೋಗಿ ಯಾರ ಬಳಿ ಹೋಗಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಎಂಥ ಬಿಗಿ ಬಳೆಯನ್ನೂ ನೋವಾಗದಂತೆ ಕೈಗೇರಿಸುತ್ತಿದ್ದ. ಒಂದು ಮುಂಜಾನೆ ಅವನಿಗೆ ಲಕ್ವ ಹೊಡೆಯಿತು. ದೂರದ ನಗರದ ವೈದ್ಯರು ಪ್ರಾಣ ಉಳಿಸಿದರು. ಕಾಲು ಅಷ್ಟಿಷ್ಟು ಚೇತರಿಸಿಕೊಂಡಿತು. ಬಲಗೈ ಸ್ವಾಧೀನವಿಲ್ಲದೆ ಹಾಗೆಯೇ ಉಳಿಯಿತು. “ಇನ್ನು ಇಷ್ಟೇ” ಎಂದು ಮನೆಗೆ ಕಳಿಸಿದರು.

ಮನೆಯಲ್ಲಿ ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮೊಮ್ಮಕ್ಕಳು ನೋಡುತ್ತಿದ್ದರು. ಅವನು ನಾಚಿಕೆಯಿಂದ ಎರಡು ತುತ್ತಿಗೇ ಸಾಕೆನ್ನತೊಡಗಿದ. ದಿನದಿನಕ್ಕೆ ಸೊರಗಿದ. ಹೆಂಡತಿ ಹೆದರಿದಳು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಮುಂದೆ ಅವಳು ದುಃಖ ತೋಡಿಕೊಂಡಳು. “ನಮ್ಮೂರ ಆಸ್ಪತ್ರೆಯಲ್ಲೇ ಒಬ್ಬರಿದ್ದಾರಲ್ಲ, ಆಕ್ಯುಪೇಷನಲ್ ಥೆರಪಿಸ್ಟ್, ಉದ್ಯೋಗದ ಚಿಕಿತ್ಸೆ ಮಾಡುವವರು” ಎಂದಳು ಆಕೆ. ನಗರದ ಬಸ್ಸು ಹತ್ತಲು ಗಂಡ ಹೆಂಡತಿ ಆ ಆಸ್ಪತ್ರೆಯ ಮುಂದೆಯೇ ಎಷ್ಟೋ ಸಲ ಹಾದುಹೋಗಿದ್ದರು.

ಹೆಂಡತಿ ಅವನನ್ನು ಅಲ್ಲಿಗೆ ಕರೆದೊಯ್ದಳು. ಥೆರಪಿಸ್ಟ್ ಕೂರುವ ಕೋಣೆಯಲ್ಲಿ ಒಲೆ, ತಟ್ಟೆ, ಗುಂಡಿಯ ಅಂಗಿ, ಬಕೆಟ್ಟು ಇದ್ದವು. ಬಳೆಗಾರನಿಗೆ ಸಿಟ್ಟು ಬಂತು. “ಉದ್ಯೋಗದ ಚಿಕಿತ್ಸೆಯಂತೆ ನಿಮ್ಮದು. ಈ ಕೈಗೆ ಯಾವ ಉದ್ಯೋಗ ಕೊಡುತ್ತೀರಿ?” ಎಂದ.

“ಮೀಯುವುದು, ಉಡುವುದು, ಉಣ್ಣುವುದು, ಅದೆಲ್ಲ ಉದ್ಯೋಗವೇ ಯಜಮಾನರೇ. ನಿಮಗೆ ಮೊದಲು ಯಾವುದು ಬೇಕು?” ಎಂದು ಥೆರಪಿಸ್ಟ್ ಕೇಳಿದಳು.

ಏನಾಗಿದೆ ಎಂದು ಎಲ್ಲರೂ ಕೇಳಿದ್ದರು. ಏನು ಬೇಕು ಎಂದು ಯಾರೂ ಕೇಳಿರಲಿಲ್ಲ. ಅವನು ಅಲ್ಲಿದ್ದ ತಟ್ಟೆಯತ್ತ ನೋಡಿ, “ನನ್ನ ಅನ್ನ ನಾನೇ ಉಣ್ಣಬೇಕು” ಎಂದ.

ಆಕೆ ಅವನ ಮನೆಗೆ ಬಂದಳು. ಅವನು ಹೇಗೆ ಕೂರುತ್ತಾನೆಂದು ನೋಡಿದಳು. ನೆಲದಿಂದ ಎಬ್ಬಿಸಿ ಮೇಜಿನ ಮುಂದೆ ಕೂರಿಸಿದಳು. ಜಾರದಂತೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಎತ್ತರದ ಅಂಚಿನ ತಟ್ಟೆ ಇಟ್ಟಳು. ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಎತ್ತಿ ತಟ್ಟೆಯ ಪಕ್ಕ ಇಟ್ಟು, “ಇದೂ ಊಟಕ್ಕೆ ಕೂರಲಿ” ಎಂದಳು. ಎಡಗೈಯಲ್ಲಿ ಕಲಸಲು ಹೇಳಿದಳು.

“ಎಡಗೈಯಲ್ಲಿ ಅನ್ನವೇ?” ಎಂದು ಅವನು ಹಿಂಜರಿದ.

“ಅದೂ ನಿಮ್ಮ ಕೈಯೇ ಅಲ್ಲವೇನ್ರಿ?” ಎಂದಳು ಹೆಂಡತಿ.

ಥೆರಪಿಸ್ಟ್ ಮತ್ತೆ ಮತ್ತೆ ಬಂದಳು. ಅನ್ನ ಎದೆಯ ಮೇಲೆ ಬಿತ್ತು, ನೆಲಕ್ಕೆ ಬಿತ್ತು. ಒಂದು ಮಧ್ಯಾಹ್ನ ಬಳೆಗಾರ ಚೆದುರದ ಒಂದು ತುತ್ತು ಕಟ್ಟಿದ. ತನ್ನ ಬಾಯಿಗೆ ಒಯ್ಯಲಿಲ್ಲ. ಎಡಗೈಯನ್ನು ಹೆಂಡತಿಯ ಕಡೆ ಚಾಚಿದ. ಅವಳು ಬಾಯಿ ತೆರೆದಳು. ಮೊಮ್ಮಕ್ಕಳು ಉಸಿರು ಬಿಗಿಹಿಡಿದು ನಿಂತರು. ಥೆರಪಿಸ್ಟ್ ತನಗರಿವಿಲ್ಲದೆ ಕೈಮುಗಿದಳು. ಆಮೇಲೆ ಅವನು ತಟ್ಟೆ ಬರಿದಾಗುವವರೆಗೂ ಉಂಡ.

ಶಿಷ್ಯ ಕೇಳಿದ: “ಹಾಗಾದರೆ ಬಲಗೈ ಕೊನೆಗೂ ಸ್ವಾಧೀನಕ್ಕೆ ಬರಲಿಲ್ಲವೇ?”

ಗುರುಗಳು ಅಂದರು: “ಆ ಮಧ್ಯಾಹ್ನ ಆ ಮನೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ.”